‘ಮತ್ಸು’ವಿನ ಎರಡನೆಯ ಕೊಂಡಿ

ಕುಜುಹಾರಾ ಸೆನ್ಸೇ,

ಗುರುಗಳೇ, ನೀವು ತೀರಿಕೊಂಡು ಎರಡು ವರ್ಷವಾಯಿತು, ನಿಜ. ಆದರೆ ಈ ದೂರನ್ನು ಇನ್ಯಾರಿಗೆ ಸಲ್ಲಿಸಲಿ? ಕ್ಯೋತೋದ ನಮ್ಮ ವಿಭಾಗದ ಸಭೆಯಲ್ಲಿ ಇಂದು ಘನಘೋರ ಅನ್ಯಾಯವೊಂದು ಮಂಡನೆಯಾಯಿತು. ಹಳೆಯ ಕವಿತೆಗಳನ್ನು ಕಲಿಸಲು ನೀವು ಕಟ್ಟಿದ ಜಾಲತಾಣದಲ್ಲಿ ‘ಮತ್ಸು’ ಎಂಬ ಪದಕ್ಕೆ ಎರಡು ಕೊಂಡಿಗಳಿವೆಯಲ್ಲ, ಒಂದು ‘ಪೈನ್ ಮರ’ ಎಂಬ ಅರ್ಥಕ್ಕೆ, ಇನ್ನೊಂದು ‘ಕಾಯುವುದು’ ಎಂಬ ಅರ್ಥಕ್ಕೆ? ಹೊಸ ಮುಖ್ಯಸ್ಥ ಶಿಯೋಮಿ ಎರಡನೆಯದನ್ನು ಕಿತ್ತುಹಾಕಲು ಹೊರಟಿದ್ದಾನೆ.

“ಒಂದು ಪದಕ್ಕೆ ಒಂದೇ ಕೊಂಡಿ ಸಾಕು ಸೆನ್ಸೇ, ಹುಡುಗರಿಗೆ ಗಲಿಬಿಲಿ ಆಗುತ್ತೆ,” ಎಂದ.

“ಗಲಿಬಿಲಿ ಆಗ್ಲಿ ಅಂತಾನೇ ಕವಿ ಆ ಪದ ಇಟ್ಟಿರೋದು ಕಣಯ್ಯಾ! ಕಾಯೋದನ್ನ ತೆಗೆದ್ರೆ ಉಳಿಯೋದೇನು? ಅರಣ್ಯ ಇಲಾಖೆ ವರದಿ!” ಎಂದೆ.

ಸಭೆ ನಕ್ಕಿತು. ಗೆದ್ದೆನೆಂದು ಬೀಗಿ, ಎಲ್ಲರೆದುರು ಪರದೆಯ ಮೇಲೆ ಆ ಕೊಂಡಿಯನ್ನು ಒತ್ತಿದೆ. ತೆರೆದ ಪುಟದಲ್ಲಿ ನಿಮ್ಮದೊಂದೇ ಸಾಲು ಇತ್ತು: ‘ಇದನ್ನು ಮಿನೆಗಿಶಿ ಬಂದ ಮೇಲೆ ಇಬ್ಬರೂ ಕೂತು ಬರೆಯುವುದು.’ ತಾರೀಖು ಐದು ವರ್ಷ ಹಿಂದಿನದು.

“ಮಿನೆಗಿಶಿ ಅಂದ್ರೆ ನೀವೇ ಅಲ್ವಾ?” ಎಂದ ಶಿಯೋಮಿ, ಮೆಲ್ಲಗೆ.

ಎಂಥ ಅಧಿಕಪ್ರಸಂಗಿ ನೋಡಿ! ‘ಬರ್ತೀನಿ, ಬರ್ತೀನಿ’ ಎಂದು ನಾನು ನಿಮಗೆ ಹೇಳುತ್ತಲೇ ಮುಂದೂಡಿದ್ದು ಅವನಿಗೇನು ಗೊತ್ತು?

ಕೊಂಡಿಯೇನೋ ಉಳಿಯಿತು. ಆದರೆ ಆ ಪುಟವನ್ನು ಸೋಮವಾರದೊಳಗೆ ನಾನೊಬ್ಬಳೇ ಕೂತು ಬರೆಯಬೇಕಂತೆ. ಇದು ಯಾವ ನ್ಯಾಯ?