ಚಾಸಿಯ ಎರಡು ಅಂಕಿ, ನಿಮ್ಮ ರಿಜಿಸ್ಟರಿನ ಒಂದು ಪುಟ

ಸಾರಿಗೆ ಕಚೇರಿಯಲ್ಲಿ ನೋಂದಣಿಯ ಹೊಣೆ ಹೊತ್ತು ಕುಳಿತಿರುವ ಮಾನ್ಯರೇ,

ನಿಮ್ಮ ಕಚೇರಿಯ ಹಳೇ ನೋಂದಣಿ ರಿಜಿಸ್ಟರಿನ ಒಂದೇ ಒಂದು ಪುಟದ ದೃಢೀಕೃತ ನಕಲು ಬೇಕೆಂದು ನಾನು ನಾಲ್ಕು ಸಲ ಅರ್ಜಿ ಹಾಕಿದ್ದೇನೆ. ನಾಲ್ಕು ಸಲವೂ 'ಸದರಿ ಕಡತವು ಲಭ್ಯವಿರುವುದಿಲ್ಲ' ಎಂಬ ಒಂದೇ ಸಾಲಿನ ಉತ್ತರ ಬಂದಿದೆ. ಆ ಪುಟ ಸಿಗದ ಕಾರಣಕ್ಕೆ ಹರಪನಹಳ್ಳಿಯ ಮೆಕ್ಯಾನಿಕ್ ಅಬ್ದುಲ್ ವಹಾಬ ಅವರು, ಅರವತ್ತೇಳು ವರ್ಷದ ಮನುಷ್ಯ, ಬರುವ ಹದಿನೆಂಟನೇ ತಾರೀಖು ನ್ಯಾಯಾಲಯದಲ್ಲಿ ನಿಂತು ತಾವು ಮಾಡದ ಮೋಸವನ್ನು ಮಾಡಿದೆ ಎಂದು ಒಪ್ಪಿಕೊಳ್ಳಲಿದ್ದಾರೆ. ಲಕೋಟೆಯಲ್ಲಿಟ್ಟು ಕಳಿಸಿದ ಪತ್ರಗಳನ್ನು ನಿಮ್ಮಲ್ಲಿ ಯಾರೂ ಓದುವುದಿಲ್ಲ ಎಂಬುದು ಖಾತ್ರಿಯಾದ ಮೇಲೆ, ಊರವರಾದರೂ ಓದಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ಕೊಟ್ಟೂರಿನವಳು. ಶೇಂಗಾ ಎಣ್ಣೆಯ ಮಿಲ್ಲು ನಡೆಸುತ್ತೇನೆ. ಮಿಲ್ಲಿನ ಡೀಸೆಲ್ ಎಂಜಿನ್ನಿನ ಸದ್ದು ಕೇಳುತ್ತಲೇ ಬೆಳೆದದ್ದರಿಂದ ಎಂಜಿನ್ ಎಲ್ಲಿ ಕೆಮ್ಮುತ್ತಿದೆ, ಯಾಕೆ ಕೆಮ್ಮುತ್ತಿದೆ ಎಂಬುದು ನನಗೆ ಚೆನ್ನಾಗಿ ತಿಳಿಯುತ್ತದೆ. ಹಳೇ ಕಾರುಗಳ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಹೆಂಗಸರು ಈ ವಯಸ್ಸಿನಲ್ಲಿ ತೀರ್ಥಯಾತ್ರೆಗೆ ಹೊರಟರೆ ನಾನು ಕೂಡ್ಲಿಗಿ, ಹಡಗಲಿ ಕಡೆಯ ಹಳೇ ಮನೆಗಳ ಕೊಟ್ಟಿಗೆಗಳಲ್ಲಿ ಇಣುಕಿ ನೋಡುತ್ತ ತಿರುಗಿದೆ. ನಮ್ಮ ಓಣಿಯ ಗೀತಮ್ಮ ಈಗಲೂ ಛೇಡಿಸುತ್ತಾಳೆ: "ಶಾಂತಕ್ಕ, ಮಂದಿ ಮನಿ ಮುಂದ ತುಳಸಿಕಟ್ಟಿ ಇರತೈತಿ, ನಿನ್ನ ಮನಿ ಮುಂದ ಗುಜರಿ ಅಂಗಡಿ ಐತಿ ನೋಡವಾ." ಅವಳ ಮಾತಿಗೆ ನನಗೆ ಬೇಸರವಿಲ್ಲ. ಗುಜರಿ ಯಾವುದು, ಕಾರು ಯಾವುದು ಎಂದು ಗೀತಮ್ಮನಿಗೆ ತಿಳಿಯಬೇಕಾಗಿಯೂ ಇಲ್ಲ. ಅದು ನಿಮಗೆ ತಿಳಿಯಬೇಕಿತ್ತು.

ಆರು ವರ್ಷದ ಹಿಂದೆ ಹೊಳಲಿನ ಕೊಟ್ರಸ್ವಾಮಿಯವರ ಹೊಟ್ಟಿನ ಕೊಟ್ಟಿಗೆಯಲ್ಲಿ ೧೯೫೭ರ ಲ್ಯಾಂಡ್‌ಮಾಸ್ಟರ್ ಕಾರು ನನ್ನ ಕಣ್ಣಿಗೆ ಬಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಎಮ್ಮೆಗಳ ಗಂಜಲ ಹರಿದು ಹರಿದು ಮುಂದಿನ ಬಲಗಡೆಯ ಚಾಸಿ, ನಂಬರು ಕೊರೆದಿರುವ ತಳದ ಚೌಕಟ್ಟು, ತುಕ್ಕು ಹಿಡಿದಿತ್ತು. ಆದರೆ ಕಾರಿನ ಮೈಯಲ್ಲಿ ಒಂದು ತಗಡೂ ಬದಲಾಗಿರಲಿಲ್ಲ, ಗಾಜಿನ ಮೇಲೆ ಕಾರ್ಖಾನೆಯ ಗುರುತು ಹಾಗೇ ಇತ್ತು, ನೋಂದಣಿ ಪುಸ್ತಕವನ್ನು ಕೊಟ್ರಸ್ವಾಮಿಯವರ ತಂದೆ ದೇವರ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಹಳೇ ಕಾರು ಕೊಳ್ಳುವವರು ಹೊಳಪು ನೋಡುವುದಿಲ್ಲ ಮಾನ್ಯರೇ, ಮೂಲದ್ದು ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಆ ಲೆಕ್ಕದಲ್ಲಿ ಅಂಥ ಕಾರು ನಮ್ಮ ಐದು ತಾಲ್ಲೂಕುಗಳಲ್ಲಿ ಇನ್ನೊಂದಿರಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಅದನ್ನು ಹೊರಗೆ ಎಳೆದ ದಿನ ನಾನು ಊಟ ಮಾಡುವುದನ್ನೇ ಮರೆತಿದ್ದೆ.

ಅದನ್ನು ವಹಾಬಣ್ಣನ ಹತ್ತಿರ ಒಯ್ದೆ. ಹರಪನಹಳ್ಳಿಯಲ್ಲಿ ಅವರ ಶೆಡ್ಡು ಎಲ್ಲರಿಗೂ ಗೊತ್ತು, ನಿಮಗಂತೂ ಈಗ ಚೆನ್ನಾಗಿಯೇ ಗೊತ್ತು. ಅವರು ತಗ್ಗಿಗೆ ಪುಟ್ಟಿ ಮೆತ್ತಿ ಮುಚ್ಚಿಬಿಡುವವರಲ್ಲ. ತಗ್ಗಾದ ತಗಡಿನ ಹಿಂದೆ ಹುಣಸೆ ಕೊರಡು ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಅದನ್ನು ಮೊದಲಿನ ಆಕಾರಕ್ಕೆ ತರುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸುತ್ತಾರೆ. ಅಂಗೈಗೆ ಏರುಪೇರು ಹತ್ತಿದರೆ ಮತ್ತೆ ಸುತ್ತಿಗೆ. ಬೇಗ ಮುಗಿಸಿ ಎಂದು ನಾನು ಒಮ್ಮೆ ಗದರಿದಾಗ, "ಅಕ್ಕಾರ, ಪುಟ್ಟಿ ಮೆತ್ತಿದ್ರ ನಾಳೆನ ಕೊಡ್ತೀನಿ. ಆದ್ರ ಅದು ಸುಳ್ಳ ಹೇಳಿದಂಗ ಆಕ್ಕೈತಿ. ನನ್ನ ಕೈಲೆ ಅದು ಆಗಂಗಿಲ್ರಿ" ಎಂದಿದ್ದರು. ಒಂದು ಕಾರಿಗೆ ಮೂರು ವರ್ಷ ಹಿಡಿಯಿತು. ಇಂಥ ಮನುಷ್ಯ ನಿಮ್ಮ ಕಡತದಲ್ಲಿ ಈಗ 'ನಕಲಿ ಸಂಖ್ಯೆ ಸೃಷ್ಟಿಸಿದ ಆರೋಪಿ'.

ಐವತ್ತು ವರ್ಷ ದಾಟಿದ ವಾಹನಗಳಿಗೆ ಸರ್ಕಾರ ಪಾರಂಪರಿಕ ನೋಂದಣಿ ಕೊಡುತ್ತದೆಂದು ಓದಿ ಅರ್ಜಿ ಹಾಕಿದೆ. ಮೂರು ವರ್ಷದ ಹಿಂದೆ, ತಪಾಸಣೆಗೆಂದು ನಿಮ್ಮ ಕಚೇರಿಗೆ ಒಯ್ದಾಗ, ನಿಮ್ಮ ನಿರೀಕ್ಷಕರು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಚಾಸಿಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ನಂಬರಿನ ಅಚ್ಚು ತೆಗೆದರು. ಒಂದೇ ಸಲಕ್ಕೆ ಸ್ಪಷ್ಟವಾಗಿ ಬಂತು. "ಹಳೇ ಗಾಡಿಗಳ ನಂಬರ್ ಇಷ್ಟು ಚೆನ್ನಾಗಿ ಕಾಣೋದೇ ಇಲ್ಲ" ಎಂದು ಅವರು ಮೆಚ್ಚಿದರು. ಮೆಚ್ಚಿದ್ದೇ ತಡ, ವಹಾಬಣ್ಣ ಮುಂದೆ ಬಂದರು. ಮುಖದಲ್ಲಿ ಹಿಗ್ಗು. "ಕೊನಿ ಎರಡು ಅಂಕಿ ತುಕ್ಕು ತಿಂದಿತ್ತು ಸರ. ನಾನ ಪಂಚ್ ಹೊಡದು ಎಬ್ಬಿಸೀನಿ. ನೋಡ್ರಿ, ಹಳೇದಕ್ಕೂ ಹೊಸದಕ್ಕೂ ಕೂದಲಷ್ಟು ಫರಕ್ ಇಲ್ಲ."

ನಿರೀಕ್ಷಕರು ಎದ್ದು ನಿಂತರು. ಅವರ ದನಿ ಬದಲಾಯಿತು. "ಏನಂದ್ರಿ? ಇನ್ನೊಮ್ಮೆ ಹೇಳ್ರಿ." ವಹಾಬಣ್ಣ ಇನ್ನೊಮ್ಮೆ ಹೇಳಿದರು, ಮೊದಲಿಗಿಂತ ಬಿಡಿಸಿ ಹೇಳಿದರು, ಅಂಕಿ ಒತ್ತಲು ಯಾವ ಉಕ್ಕಿನ ಪಂಚು, ಎಷ್ಟು ಪೆಟ್ಟು ಎಂಬುದನ್ನೂ ಹೇಳಿದರು. ಅವರ ಉಸ್ತಾದರ ಕಾಲದಿಂದ ಈ ಕಡೆಯ ಮೆಕ್ಯಾನಿಕ್ಕುಗಳು ಲಾರಿ, ಟ್ರ್ಯಾಕ್ಟರುಗಳ ಸವೆದ ನಂಬರನ್ನು ಹೀಗೇ ಎಬ್ಬಿಸುತ್ತ ಬಂದಿದ್ದಾರೆ. ಹಿಂದಿನ ಸಾಹೇಬರುಗಳು ತಾವೇ ಹೇಳಿ ಮಾಡಿಸುತ್ತಿದ್ದರಂತೆ. ತನ್ನ ಕೆಲಸವನ್ನು ಬಲ್ಲವರೊಬ್ಬರು ಮೆಚ್ಚಿದರಲ್ಲ ಎಂಬ ಸಂತೋಷದಲ್ಲಿ ಒಬ್ಬ ಮುದುಕ ತನ್ನ ಮೇಲಿನ ದೂರನ್ನು ತಾನೇ ಬರೆಸಿದ. ಮೋಸ ಮಾಡುವವನು ಹೀಗೆ ಮಾಡುತ್ತಾನೆಯೇ? ಕಳ್ಳ ಮಾಲಿಗೆ ನಂಬರ್ ಹೊಡೆದವನು ಸರ್ಕಾರಿ ಅಧಿಕಾರಿಯ ಕೈ ಹಿಡಿದು ಇಲ್ಲಿ ನೋಡಿ, ಇಲ್ಲಿ ನೋಡಿ ಎಂದು ತೋರಿಸುತ್ತಾನೆಯೇ?

ಆ ಎರಡು ಅಂಕಿ ಏಳು ಮತ್ತು ಮೂರು. ನನ್ನಲ್ಲಿರುವ ನೋಂದಣಿ ಪುಸ್ತಕದಲ್ಲೂ ಏಳು ಮತ್ತು ಮೂರೇ ಇವೆ. ಆ ಪುಸ್ತಕವೂ ನಕಲಿ ಇರಬಹುದು, ಮೂಲ ರಿಜಿಸ್ಟರ್ ನೋಡಬೇಕು ಎಂದು ನಿಮ್ಮ ಕಚೇರಿ ಹೇಳಿತು. ಒಳ್ಳೆಯದು, ನೋಡಿ ಎಂದೆವು. ಆಗ ನೋಡಿದರೆ ರಿಜಿಸ್ಟರೇ ಇಲ್ಲ. ಜಿಲ್ಲೆ ಒಡೆದಾಗ ಹೋಯಿತು ಎಂದು ಒಬ್ಬರು, ಗೆದ್ದಲು ತಿಂದಿತು ಎಂದು ಇನ್ನೊಬ್ಬರು, ಮೇಲಿನ ಕೋಣೆಯ ಬೀಗದ ಕೈ ಇರುವವರು ರಜೆಯಲ್ಲಿದ್ದಾರೆ ಎಂದು ಮತ್ತೊಬ್ಬರು. ಮೂರು ವರ್ಷದ ರಜೆ! ಸ್ವಾಮಿ, ಎಮ್ಮೆ ಗಂಜಲದಲ್ಲಿ ನೆಂದ ಕಬ್ಬಿಣ ಎರಡು ಅಂಕಿ ಕಳೆದುಕೊಂಡರೆ ಅದು ಶಿಕ್ಷಾರ್ಹ ಅಪರಾಧ. ಫ್ಯಾನಿನ ಕೆಳಗೆ, ಬೀರುವಿನಲ್ಲಿ, ಸಂಬಳದ ನೌಕರರ ಕಾವಲಿನಲ್ಲಿದ್ದ ಇಡೀ ಪುಸ್ತಕ ಕಾಣೆಯಾದರೆ ಅದು 'ಲಭ್ಯವಿರುವುದಿಲ್ಲ'. ಇದಕ್ಕೆ ಯಾವ ಕಲಮು ಹಚ್ಚುತ್ತೀರಿ?

ಅಂದೇ ನೀವು ಜಪ್ತಿ ಮಾಡಿದ ಕಾರು ನಿಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ ನಿಂತಿದೆ. ಮೊದಲ ವರ್ಷ ಹಾರನ್ ಹೋಯಿತು, ಎರಡನೇ ವರ್ಷ ಎರಡೂ ಲೈಟು. ಈಗ ಬಾನೆಟ್ಟಿನ ಮೇಲಿನ ಗುರುತನ್ನೂ ಯಾರೋ ಕಿತ್ತಿದ್ದಾರೆ, ಕಿತ್ತಲ್ಲಿ ತೂತು ಬಿದ್ದು ನೀರು ಇಳಿಯುತ್ತಿದೆ. ಕಳೆದ ತಿಂಗಳು ನಿಮ್ಮ ಮೌಲ್ಯಮಾಪನದ ವರದಿ ಬಂತು: ನಿರುಪಯುಕ್ತ ವಾಹನ, ಗುಜರಿ ತೂಕದ ದರಕ್ಕೆ ವಿಲೇವಾರಿ ಮಾಡಬಹುದು. ಆ ವರದಿ ಬರೆದವರು ಬಾಗಿಲನ್ನು ಒಮ್ಮೆ ತೆಗೆದು ಮುಚ್ಚಿ ನೋಡಿದ್ದರೆ ಸಾಕಿತ್ತು. ಅರವತ್ತೆಂಟು ವರ್ಷದ ಬಾಗಿಲು ಒಂದು ಬೆರಳು ತಾಕಿದರೆ ಮುಚ್ಚಿಕೊಳ್ಳುತ್ತದೆ, ಸದ್ದಿಲ್ಲದೆ. ಅದಕ್ಕೊಂದಕ್ಕೇ ವಹಾಬಣ್ಣ ಹನ್ನೊಂದು ದಿನ ಕೂತಿದ್ದರು. ತಕ್ಕಡಿಯಲ್ಲಿ ಅದೆಲ್ಲ ತೂಗುವುದಿಲ್ಲ ಎಂಬುದು ನನಗೂ ಗೊತ್ತು.

ಇಲ್ಲಿಯವರೆಗೆ ನಿಮ್ಮನ್ನು ಬೈದೆ. ಇನ್ನು ನನ್ನ ವಿಷಯ.

ಚಾಸಿಯ ನಂಬರು ಎಬ್ಬಿಸಿ ಎಂದು ವಹಾಬಣ್ಣನಿಗೆ ಹೇಳಿದ್ದು ನಾನು. "ಸಾಹೇಬ್ರಿಗೆ ನಂಬರ್ ಕಾಣದಿದ್ರ ಗಾಡಿ ಪಾಸಾಗಂಗಿಲ್ಲ, ಏನರ ಮಾಡ್ರಿ ವಹಾಬಣ್ಣ" ಎಂದು ಅವರ ಶೆಡ್ಡಿನಲ್ಲಿ ನಿಂತು ಹೇಳಿದೆ. ತಪಾಸಣೆಯ ದಿನ ನಿಮ್ಮ ನಿರೀಕ್ಷಕರು ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ವಹಾಬಣ್ಣನನ್ನು ಹೊರಗೆ ನಿಲ್ಲಿಸಿದ್ದರು. ನೀವು ಮರ್ಯಾದಸ್ಥ ಮನೆತನದವರು, ನಿಮಗೆ ಇದು ಗೊತ್ತಿರಲಿಲ್ಲ ಎಂದು ಬರೆದುಕೊಟ್ಟರೆ ನಿಮ್ಮ ಮೇಲೇನೂ ಬರುವುದಿಲ್ಲ, ಗಾಡಿಯೂ ಬೇಗ ಬಿಡುಗಡೆಯಾಗುತ್ತದೆ ಎಂದರು. ಟೈಪ್ ಮಾಡಿದ ಹಾಳೆ ಮುಂದಿಟ್ಟರು. 'ಸದರಿ ಮೆಕ್ಯಾನಿಕ್ ನನ್ನ ಗಮನಕ್ಕೆ ಬಾರದಂತೆ ಸಂಖ್ಯೆಯನ್ನು ತಿದ್ದಿರುತ್ತಾನೆ' ಎಂದಿತ್ತು. ಸಹಿ ಮಾಡಿದೆ. ಗಾಬರಿಯಲ್ಲಿ ಓದದೆ ಸಹಿ ಮಾಡಿದೆ ಎಂದು ಮೂರು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ಓದಿದ್ದೆ. ಓದಿ, ಕಿಟಕಿಯಿಂದ ಹೊರಗೆ ಕಾರನ್ನು ನೋಡಿ, ಸಹಿ ಮಾಡಿದ್ದೆ.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಶೆಡ್ಡು ಮುಚ್ಚಿದೆ. ಕೇಸಿರುವ ಮೆಕ್ಯಾನಿಕ್ಕಿಗೆ ಯಾರು ಗಾಡಿ ಕೊಡುತ್ತಾರೆ? ಚಿಗಟೇರಿಯ ಒಂದಿಬ್ಬರು ಹಳೇ ಗಿರಾಕಿಗಳು ಬರುತ್ತಿದ್ದರಂತೆ, ಅವರೂ ನಿಂತಿದ್ದಾರೆ. ತಪ್ಪೊಪ್ಪಿಕೊಂಡರೆ ದಂಡಕ್ಕೆ ಮುಗಿಯುತ್ತದೆ, ಇಲ್ಲವಾದರೆ ಆ ಪುಟ ಸಿಗುವವರೆಗೆ ಅಲೆಯಬೇಕು ಎಂದು ವಕೀಲರು ಹೇಳಿದ್ದಾರೆ. "ಹೌದ್ರಿ ಅಂತ ಹೇಳಿಬಿಡ್ತೀನಿ ಅಕ್ಕಾರ. ಬಸ್ ಹತ್ತಿ ಇಳದು ಸಾಕಾಗೈತಿ" ಎಂದರು ವಹಾಬಣ್ಣ. ಅವರ ಹೆಂಡತಿ ಮೀರಾಬಿ ಚಹಾ ತಂದಿಟ್ಟು ಅಲ್ಲೇ ನಿಂತಳು. "ನಿಮಗ ಗೊತ್ತಿರಲಿಲ್ಲ ಅಂತ ಬರದು ಕೊಟ್ಟೀರಂತಲ್ರಿ ಅಕ್ಕಾರ. ವಕೀಲ್ರು ಓದಿ ಹೇಳಿದ್ರು. ಯಾವಾಗ ಹೇಳಿದ್ರು ಗೊತ್ತೈತೇನ್ರಿ? ಮೊದಲ್ನೇ ವರ್ಷನ."

ವಹಾಬಣ್ಣ ಅವಳನ್ನೇ ಗದರಿದರು. "ಬಿಡ ಮೀರಾ. ಗಾಡಿ ಕೈತಪ್ಪಿ ಹೋಕ್ಕೈತಿ ಅಂತ ಅಂಜಿ ಬರದಾರ. ಅಂಥಾ ಗಾಡಿ ಮತ್ತ ಸಿಗಂಗಿಲ್ಲ."

ಎರಡು ವರ್ಷಕ್ಕೂ ಮಿಕ್ಕಿ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ನಾನು ಹೋದಾಗಲೆಲ್ಲ ಕೂರಿಸಿ, ಕಾರಿನ ಮೇಲೆ ತಾಡಪತ್ರಿ ಹೊದಿಸಿದ್ದಾರೋ ಇಲ್ಲವೋ ಎಂದು ಕೇಳುತ್ತಿದ್ದರು. ನನಗೆ ನನ್ನ ಮೇಲೆ ಎಷ್ಟು ಅಸಹ್ಯವಾಯಿತೆಂದು ಇಲ್ಲಿ ಬರೆದು ಪ್ರಯೋಜನವಿಲ್ಲ. ಅದು ನಿಮ್ಮ ಇಲಾಖೆಗೆ ಸಂಬಂಧಪಟ್ಟದ್ದೂ ಅಲ್ಲ.

ಸಂಬಂಧಪಟ್ಟದ್ದು ಇಷ್ಟು. ಹದಿನೆಂಟರ ಒಳಗೆ ಆ ಪುಟವನ್ನು ಹುಡುಕಿ ನ್ಯಾಯಾಲಯಕ್ಕೆ ಕಳಿಸಿ. ಇಲ್ಲವೇ, ಪುಸ್ತಕವನ್ನು ಕಳೆದುಕೊಂಡವರು ನಾವು, ಆದ್ದರಿಂದ ಅಂಕಿ ಬದಲಾಗಿದೆ ಎಂದು ಹೇಳುವ ಆಧಾರ ನಮ್ಮಲ್ಲಿಲ್ಲ ಎಂದು ನಿಮ್ಮ ಮೊಹರು ಒತ್ತಿ ಬರೆದುಕೊಡಿ. ನಾನು ಅಂದು ಕೊಟ್ಟ ಹೇಳಿಕೆ ಸುಳ್ಳೆಂದು ಪ್ರಮಾಣಪತ್ರ ಮಾಡಿಸಿದ್ದೇನೆ, ಅದರ ಪ್ರತಿ ಇದರೊಂದಿಗಿದೆ. ಕೆಲಸ ಹೇಳಿದವಳನ್ನು ಬಿಟ್ಟು ಮಾಡಿದವನನ್ನು ಹಿಡಿಯುವುದು ನಿಮ್ಮ ನಿಯಮವಲ್ಲದಿದ್ದರೆ ಆರೋಪಿಗಳ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆಯಿರಿ. ಕಾರನ್ನು ತೂಕಕ್ಕೆ ಹಾಕುವುದಾದರೆ ಹಾಕಿ, ನಾನು ಇನ್ನು ಅದನ್ನು ಕೇಳಿಕೊಂಡು ಬರುವುದಿಲ್ಲ. ಇದಾವುದೂ ನಿಮ್ಮಿಂದ ಆಗದಿದ್ದರೆ, ಆ ದಿನ ವಹಾಬಣ್ಣ ಬಾಯಿ ತೆರೆದು ಹೌದು ಎನ್ನುವ ಮೊದಲು ನಾನು ಎದ್ದು ನಿಲ್ಲುತ್ತೇನೆ. ಹೊರಗೆ ಹಾಕಿಸಿದರೆ ಬಾಗಿಲಲ್ಲಿ ನಿಂತು ಹೇಳುತ್ತೇನೆ.

ಇಂತಿ,
ಈ ಸಲವೂ ಓದಿಯೇ ಸಹಿ ಮಾಡುತ್ತಿರುವ
ಶಾಂತಕುಮಾರಿ
ಕೊಟ್ಟೂರು