ಕಣ್ಣಿನ ಬೇನೆಗೆ ಮೂಗಿನ ಆಪರೇಶನ್

ಕೊಪ್ಪಳ,
೧೧ ಡಿಸೆಂಬರ್ ೨೦೨೪

ಪ್ರೀತಿಯ ಮಲ್ಲೇಶ್ವರಿ,

ಹೇಗಿದ್ದೀಯಾ? ಪರೇಡಿನಲ್ಲಿ ಉಳುಕಿದ ಕಾಲು ಈಗ ನೆಲಕ್ಕೆ ಊರಲು ಬರುತ್ತದೆಯೇ? ಪೊಲೀಸ್ ತರಬೇತಿಯಲ್ಲಿ ಭಾನುವಾರ ಬಿಟ್ಟರೆ ನಿಮ್ಮ ಕೈಗೆ ಫೋನ್ ಕೊಡುವುದಿಲ್ಲವಲ್ಲ, ಅದಕ್ಕೇ ಇದನ್ನು ಹುಲಿಗೆಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಜೊತೆಗಿರುವ ತನ್ನ ತಂಗಿಯನ್ನು ನೋಡಲು ಅವನು ಹೊರಟಿದ್ದಾನೆ. ಓದಿ ಗಾಬರಿಯಾಗಬೇಡ. ಯಲಬುರ್ಗಾದ ಗಿರಣಿಗೆ ಬೀಗ ಹಾಕಿ, ನಾನೂ ಅವ್ವನೂ ನಮ್ಮ ಮಗಳು ಶ್ವೇತಾಳೊಂದಿಗೆ ಇಲ್ಲಿ ಆಸ್ಪತ್ರೆಯಲ್ಲಿದ್ದೇವೆ.

ಎಲ್ಲಿಂದ ಶುರು ಮಾಡಲಿ ಎಂದೇ ತಿಳಿಯುತ್ತಿಲ್ಲ. ಅವಳಿಗೆ ನೆಗಡಿಯಾಗಿದ್ದು ನಿನಗೂ ಗೊತ್ತು. ತಾನಾಗಿ ಹೋಗುತ್ತದೆ ಎಂದುಕೊಂಡೆವು, ಹೋಗಲಿಲ್ಲ. ಹಳದಿ ಸಿಂಬಳ, ಹಣೆ ನೋವು, ಆಮೇಲೆ ಜ್ವರ. ಶನಿವಾರ ಎದ್ದಾಗ ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. ಹುಳ ಕಚ್ಚಿರಬೇಕೆಂದು ಅವ್ವ ಅರಿಶಿನ ಹಚ್ಚಿದಳು, ನಾನೂ ಹೌದೆಂದೆ. ಮಧ್ಯಾಹ್ನ ರೆಪ್ಪೆ ಬಿಡಿಸಿ ನೋಡಿದರೆ ಗುಡ್ಡೆ ಮುಂದಕ್ಕೆ ಬಂದಂತಿತ್ತು. ‘ಅಪ್ಪಾ, ನೀ ಇಬ್ರಾಗಿ ಕಾಣಾಕತ್ತಿ’ ಅಂದಳು.

ಸಿಕ್ಕ ಬಸ್ಸು ಹತ್ತಿ ಇಲ್ಲಿಗೆ ಬಂದೆವು. ಕಣ್ಣಿನ ಡಾಕ್ಟರು ನೋಡಿ ಮೂಗಿನ ಡಾಕ್ಟರ ಬಳಿಗೆ ಕಳಿಸಿದರು. ನನಗೆ ಅಲ್ಲೇ ದಿಕ್ಕು ತಪ್ಪಿತು. ಮೂಗಿನ ಪಕ್ಕದ ಎಲುಬಿನ ಗೂಡುಗಳಲ್ಲಿ ಕೀವು ತುಂಬಿದೆ, ಮಕ್ಕಳಲ್ಲಿ ಆ ಗೋಡೆ ಬಹಳ ತೆಳ್ಳಗಿರುತ್ತದೆ, ಕೀವು ಅದನ್ನು ದಾಟಿ ಕಣ್ಣಿನ ಗೂಡಿಗೆ ಇಳಿದಿದೆ, ತಡವಾದರೆ ದೃಷ್ಟಿಯೇ ಹೋಗಬಹುದು ಎಂದರು ಅವರು. ಅವ್ವ ಒಪ್ಪಲೇ ಇಲ್ಲ. ‘ಕಣ್ಣಿಗೆ ಬ್ಯಾನಿ ಬಂದ್ರ ಮೂಗಿಗ್ಯಾಕ ಆಪರೇಶನ್? ಹೆಣ್ಣ ಹುಡುಗಿ ಮಾರಿ ಕೆಡಿಸ್ತಾರ, ಮನಿಗೆ ನಡಿ’ ಎಂದು ನನ್ನ ಅಂಗಿ ಹಿಡಿದು ಎಳೆದಳು. ‘ಮಾರಿಗೆ ಕತ್ತರಿ ಹಾಕಂಗಿಲ್ರಿ ಅಮ್ಮಾ, ಮೂಗಿನ ಒಳಗಿಂದನ ಕೀವು ತಗೀತೀವಿ’ ಎಂದು ಡಾಕ್ಟರು ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ನನಗಾದರೂ ಎಲ್ಲ ಅರ್ಥವಾಯಿತೆಂದು ಹೇಗೆ ಹೇಳಲಿ? ನೀನಿದ್ದರೆ ನಾಲ್ಕು ಮಾತು ಕೇಳಿ ತಿಳಿದುಕೊಳ್ಳುತ್ತಿದ್ದೆ. ಅವ್ವನ ಕೈ ಬಿಡಿಸಿಕೊಂಡು ಸಹಿ ಮಾಡಿಬಿಟ್ಟೆ.

ಭಾನುವಾರ ಆಪರೇಶನ್ ಆಯಿತು, ಆ ಗಡಿಬಿಡಿಯಲ್ಲೇ ನಿನ್ನ ಫೋನ್ ಎತ್ತಲಾಗಲಿಲ್ಲ. ಊತ ಇಳಿಯುತ್ತಾ ಬಂತು. ಇವತ್ತು ಕಣ್ಣು ತೆರೆದು, ಗೋಡೆಯ ಮೇಲಿನ ಕ್ಯಾಲೆಂಡರನ್ನು ತಪ್ಪಿಲ್ಲದೆ ಓದಿದಳು. ಅವ್ವ ಅತ್ತಳು, ನಾನು ನಕ್ಕೆ. ಇಲ್ಲಾ ನಾನೇ ಅತ್ತೆನೋ, ನೆನಪಿಲ್ಲ. ಆದರೂ ತಲೆನೋವು ಎನ್ನುತ್ತಾಳೆ, ಕುಡಿದ ಹಾಲು ವಾಂತಿಯಾಗುತ್ತದೆ. ಕಣ್ಣು ಸರಿಹೋಯಿತಲ್ಲ, ಮತ್ತೆ ಮನೆಗೇಕೆ ಕಳಿಸುತ್ತಿಲ್ಲ ಎಂದು ಅವ್ವ ನನ್ನನ್ನೇ ಕೇಳುತ್ತಾಳೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅವ್ವ ಆಶೀರ್ವಾದ ತಿಳಿಸಿದ್ದಾಳೆ. ಸಲಾಯಿನ್ ಸೂಜಿ ಇರುವ ಕೈಯಿಂದಲೇ ಶ್ವೇತಾ ನಿನಗೊಂದು ಸಲ್ಯೂಟ್ ಹೊಡೆದಳು.

ನಿನ್ನವ,
ಗವಿಸಿದ್ದೇಶ

ತಾ.ಕ.: ಹುಲಿಗೆಪ್ಪ ಅವಸರ ಮಾಡುತ್ತಿದ್ದಾನೆ. ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಮಿದುಳಿನ ಹೊದಿಕೆಯ ಹತ್ತಿರವೂ ಸ್ವಲ್ಪ ಕೀವು ಕಂಡಿದೆಯಂತೆ. ಔಷಧಿಗೆ ಕರಗುತ್ತದೋ, ತಲೆಗೂ ಆಪರೇಶನ್ ಬೇಕೋ, ಶುಕ್ರವಾರ ಸ್ಕ್ಯಾನ್ ಮಾಡಿ ಹೇಳುತ್ತಾರೆ. ಅವ್ವ ‘ಆಕಿಗೆ ತಿಳಿಸಬ್ಯಾಡ, ನೌಕರಿ ಬಿಟ್ಟ ಓಡಿ ಬರ್ತಾಳ’ ಅನ್ನುತ್ತಾಳೆ. ಯಾವುದು ಸರಿಯೋ ನನಗೆ ತಿಳಿಯುತ್ತಿಲ್ಲ. ರಜೆ ಕೇಳಿ ಬಾ. ಕೊಡದಿದ್ದರೂ ಬಾ.