ದೊಡ್ಡಮ್ಮನ ಕತ್ತಿನ ಮೇಲೆ ಏಳು ಚುಕ್ಕೆಗಳು

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರಕ್ಕೆ ನಾಲ್ಕು ಚಕ್ರಗಳಿವೆ. ಆದರೂ ಅದು ಸ್ಕ್ಯಾನ್ ಕೊಠಡಿಯ ಹೊಸ್ತಿಲು ದಾಟಕೂಡದೆಂದು ತಾವು ಆದೇಶ ಹೊರಡಿಸಿದ್ದೀರಿ. ಬರುವ ಗುರುವಾರ ನನ್ನ ದೊಡ್ಡಮ್ಮನ ಕತ್ತಿನ ಗಂಟನ್ನು ತೆಗೆಯುವ ಆಪರೇಷನ್ ಅದೇ ಮಹಡಿಯಲ್ಲಿ, ಆ ಹೊಸ್ತಿಲಿನಿಂದ ಮೂವತ್ತೆರಡು ಹೆಜ್ಜೆ ದೂರದಲ್ಲಿ ನಡೆಯಲಿದೆ. ಎಣಿಸಿದವನು ನಾನೇ. ಆ ಮೂವತ್ತೆರಡು ಹೆಜ್ಜೆ ಯಂತ್ರವನ್ನು ಬಿಡಿ ಎಂಬುದಷ್ಟೇ ಈ ಪತ್ರದ ತಗಾದೆ.

ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ನಳಿಕೆ ಬಾಯಿಯಿಂದ ಒಳಗೆ ಇಳಿಯದೆ ಹೋದರೆ, ಕತ್ತಿನ ಮುಂಭಾಗದಲ್ಲಿರುವ ಬೆರಳಗಲದ ತೆಳುಪೊರೆಯನ್ನು ಕೊಯ್ದು ಅಲ್ಲಿಂದ ಗಾಳಿ ಕೊಡಬೇಕಂತೆ. ಅಂಥ ಪ್ರಸಂಗ ತೀರಾ ಅಪರೂಪ, ಆದರೆ ಬಂದಾಗ ಜಾಗ ಹುಡುಕುತ್ತ ಕೂರಲು ಪುರುಸೊತ್ತಿರುವುದಿಲ್ಲ. ದೊಡ್ಡಮ್ಮನ ಕತ್ತು ಗಿಡ್ಡ, ದಪ್ಪ, ಸಾಲದ್ದಕ್ಕೆ ಗಂಟು ಬೇರೆ. ಆದ್ದರಿಂದ ಆಪರೇಷನ್ ಮೇಜಿನ ಮೇಲೆ, ಆಕೆಗೆ ನಿದ್ದೆ ಬರಿಸುವ ಮೊದಲೇ, ಅಲ್ಟ್ರಾಸೌಂಡಿನಲ್ಲಿ ಆ ಜಾಗ ನೋಡಿ ಪೆನ್ನಿನಿಂದ ಗುರುತು ಹಾಕಿಡುತ್ತೇನೆಂದು ಅರಿವಳಿಕೆ ವೈದ್ಯೆ ಅರ್ಜಿ ಕೊಟ್ಟರು. ಬೇರೆಡೆ ಹಾಕಿ ಕರೆತಂದರೆ ಕತ್ತಿನ ಭಂಗಿ ಬದಲಾಗಿ ಗುರುತು ಸರಿದುಬಿಡುತ್ತದಂತೆ. ತಾವು ಆ ಅರ್ಜಿಯ ಮೇಲೆ ಬರೆದಿರಿ: "ಅನುಭವಿ ಬೆರಳಿರುವಲ್ಲಿ ಯಂತ್ರ ಅನಗತ್ಯ. ಚಕ್ರಗಳು ಸವೆಯುತ್ತವೆ. ತುರ್ತಿದ್ದಲ್ಲಿ ರೋಗಿಯನ್ನೇ ಸ್ಕ್ಯಾನ್ ಕೊಠಡಿಗೆ ಕರೆತರತಕ್ಕದ್ದು." ಉಸಿರು ನಿಂತವಳು ಎದ್ದು ಚಪ್ಪಲಿ ಮೆಟ್ಟಿ ಬರಬೇಕೇ, ಇಲ್ಲ ಬರಿಗಾಲಲ್ಲಿ ಬಂದರೂ ನಡೆದೀತೇ?

ಬೆರಳಿನ ವಿಚಾರಕ್ಕೆ ಬರೋಣ. ಕಳೆದ ಸೋಮವಾರ ಅದೇ ವೈದ್ಯೆ ಸ್ಕ್ಯಾನ್ ಕೊಠಡಿಯಲ್ಲಿ ತರಬೇತಿ ಇಟ್ಟಿದ್ದರು. ಬಗೆಬಗೆಯ ಕತ್ತುಗಳು ಬೇಕಾಗಿದ್ದವು. ನಾನು ನನ್ನದನ್ನು ಕೊಟ್ಟೆ, ದೊಡ್ಡಮ್ಮನದನ್ನೂ ತಂದೆ. ಅವಳಿಗೆ ಸುಂದರ ಕತ್ತುಗಳ ಸ್ಪರ್ಧೆಯೆಂದು ಹೇಳಿದ್ದೆ ಎಂಬುದನ್ನು ತಲೆತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಪಾಪ, ಸರ ತೊಳೆದು ಹಾಕಿಕೊಂಡು ಬಂದಿದ್ದಳು. ವಿಷಯ ತಿಳಿದ ಮೇಲೆ ನನ್ನ ಕಿವಿ ಹಿಂಡಿ, ಬಂದದ್ದಾಯಿತೆಂದು ಮಲಗಿದಳು.

ಆರು ಜನ ವೈದ್ಯರು ಒಬ್ಬೊಬ್ಬರಾಗಿ ಬಂದು ಕತ್ತು ತಡವಿ, ಆ ತೆಳುಪೊರೆ ಇಲ್ಲಿದೆಯೆಂದು ತೋಚಿದಲ್ಲಿ ಬರಿಗಣ್ಣಿಗೆ ಕಾಣದ ಶಾಯಿಯಲ್ಲಿ ಚುಕ್ಕೆಯಿಟ್ಟು, ಪಕ್ಕದಲ್ಲಿ ತಮ್ಮ ಸಂಖ್ಯೆ ಬರೆದರು. ಉದ್ಘಾಟನೆಗೆ ಬಂದಿದ್ದ ತಾವು, ಮೂವತ್ತು ವರ್ಷದ ಬೆರಳು ಎಂದರೇನೆಂದು ಇವರಿಗೆ ತೋರಿಸುತ್ತೇನೆಂದು ಅಂಗಿಯ ತೋಳು ಮಡಿಸಿ ಏಳನೆಯವರಾದಿರಿ. ಬಳಿಕ ದೀಪ ಆರಿಸಿ, ಆ ಶಾಯಿ ಹೊಳೆಯುವಂಥ ನೇರಳೆ ಬೆಳಕು ಬಿಟ್ಟರು.

ನನ್ನ ಒಣಕಲು ಕತ್ತಿನಲ್ಲಿ ಏಳೂ ಚುಕ್ಕೆಗಳು ಒಂದೇ ಕಡೆ ಗುಂಪುಗೂಡಿದ್ದವು. ದೊಡ್ಡಮ್ಮನ ಕತ್ತಿನಲ್ಲೋ, ಒಂದು ಗದ್ದದಡಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿತ್ತು, ಇನ್ನೊಂದು ಎದೆಮೂಳೆಯ ಕಡೆಗೆ ಊರು ಬಿಟ್ಟು ಹೊರಟಿತ್ತು. ವೈದ್ಯೆ ಯಂತ್ರದ ಹಿಡಿಯನ್ನು ಕತ್ತಿನ ಮೇಲೆ ಅರ್ಧ ನಿಮಿಷ ಆಡಿಸಿ ನಿಜವಾದ ಜಾಗ ತೋರಿಸಿದರು. ಅಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಎಲ್ಲಕ್ಕಿಂತ ದೂರದಲ್ಲಿ, ಗಂಟಿನ ನೆತ್ತಿಯ ಮೇಲೆ ಗಾಂಭೀರ್ಯದಿಂದ ಕುಳಿತಿದ್ದ ಚುಕ್ಕೆಯ ಪಕ್ಕದ ಸಂಖ್ಯೆ ಏಳು.

ಯಾರೂ ನಗಲಿಲ್ಲ, ತಾವಿದ್ದಿರಲ್ಲ. ದೊಡ್ಡಮ್ಮ ಕನ್ನಡಿ ಕೇಳಿ ಇಸಿದುಕೊಂಡು, ನೋಡಿ, ತಮ್ಮನ್ನೇ ಕೇಳಿದಳು: "ನಾನಿನ್ನೂ ಎಚ್ಚರವಾಗಿದೀನಿ, ಅಲುಗಾಡದೆ ಮಲಗಿದೀನಿ. ಈಗ್ಲೇ ಸಿಗಲಿಲ್ಲ ಅಂದ್ಮೇಲೆ, ನನಗೆ ಉಸಿರು ಕಟ್ಟಿದಾಗ ಯಾರನ್ನ ದಾರಿ ಕೇಳ್ತೀರಪ್ಪಾ?"

ತಾವು ಗಡಿಯಾರ ನೋಡಿಕೊಂಡು ಸಭೆಯಿದೆ ಎಂದು ಹೊರಟಿರಿ. ಆ ಪ್ರಶ್ನೆಗೆ ಉತ್ತರ ಬಂದಿಲ್ಲವಾದ್ದರಿಂದ ಪತ್ರಿಕೆಯ ಮೂಲಕ ಮತ್ತೆ ಕೇಳುತ್ತಿದ್ದೇನೆ. ತಪ್ಪಿದ್ದಕ್ಕೆ ತಮ್ಮನ್ನು ದೂರುತ್ತಿಲ್ಲ. ಅಂಥ ಕತ್ತಿನಲ್ಲಿ ಯಾರ ಬೆರಳಾದರೂ ತಪ್ಪೀತೆಂದು ವೈದ್ಯೆಯೇ ಹೇಳಿದರು. ತಪ್ಪಿದ್ದನ್ನು ಕಣ್ಣಾರೆ ಕಂಡ ಮೇಲೂ ಆದೇಶ ಗೋಡೆಯ ಮೇಲೆ ಹಾಗೇ ಅಂಟಿಕೊಂಡಿದೆಯಲ್ಲ, ದೂರು ಅದರ ಮೇಲೆ.

ಆದಕಾರಣ, ಗುರುವಾರ ಬೆಳಿಗ್ಗೆ ಎಂಟಕ್ಕೆ ಯಂತ್ರ ಆಪರೇಷನ್ ಕೋಣೆಯಲ್ಲಿರಬೇಕು. ಚಕ್ರ ಸವೆಯುವುದೆಂಬ ಚಿಂತೆಯಿದ್ದರೆ ನಾನು, ಅಪ್ಪ, ಇಬ್ಬರು ಚಿಕ್ಕಪ್ಪಂದಿರು ಹೊತ್ತು ತರುತ್ತೇವೆ. ದೊಡ್ಡಮ್ಮ ಬಟ್ಟೆಯ ಚೀಲ ಕಟ್ಟಿಟ್ಟಿದ್ದಾಳೆ. ಹೆದರಿಲ್ಲ ಅನ್ನುತ್ತಾಳೆ, ಆದರೆ ಸೋಮವಾರದಿಂದ ನನ್ನನ್ನು ಒಂದು ಸಲವೂ ಬೈದಿಲ್ಲ. ನನ್ನ ಇಪ್ಪತ್ತೊಂದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಶುಕ್ರವಾರ ಅವಳು ಕಣ್ಣು ಬಿಟ್ಟು, ಆ ಸ್ಪರ್ಧೆಯ ಸುಳ್ಳಿಗೆ ಬಾಕಿಯಿರುವ ಬೈಗುಳವನ್ನೆಲ್ಲ ಬೈಯಬೇಕು. ವಾರ್ಡಿಗೆಲ್ಲ ಕೇಳುವಂತೆ.

ಇಂತಿ,
ಬೈಸಿಕೊಳ್ಳಲು ಕಾದಿರುವ,
ದೊಡ್ಡಮ್ಮನ ತಂಗಿಯ ಒಣಕಲು ಕತ್ತಿನ ಮಗ